ಶಾಂತಮ್ಮನ ನೀಲಿ ಪಾಲು

ಬೆಳಕು ಹರಿಯುವ ಮುನ್ನ ಆ ಮಂಗಗಳಿಗೆ ಮೈ ಇರುವುದಿಲ್ಲ. ಕಪ್ಪು ಮೈ ಕತ್ತಲಲ್ಲಿ ಕಲೆತುಹೋಗಿ, ಮುಖದ ಸುತ್ತಲಿನ ಬೆಳ್ಳಿ ಕೂದಲಷ್ಟೇ ಉಳಿದಿರುತ್ತದೆ. ಮುಂಬೈ ಬಳಿಯ ಬದಲಾಪುರದಿಂದ ಆಚೆ, ಗುಡ್ಡದ ಬುಡದಲ್ಲಿರುವ ಆರೈಕೆ ಕೇಂದ್ರದ ಒಳಗೇಟು ದಾಟಿ ಚನಿಯಣ್ಣ ಕಾಲಿಟ್ಟರೆ ಸಾಕು, ಜಾಲರಿಯ ಹಿಂದೆ ಒಂದೊಂದೇ ಬಿಳಿ ಬಳೆ ಮೇಲೇಳುತ್ತದೆ, ಗಾಳಿಯಲ್ಲಿ ನಿಲ್ಲುತ್ತದೆ, ಅವರು ನಡೆದತ್ತ ತಿರುಗುತ್ತದೆ. ಒಂದೂ ಉಸಿರೆತ್ತುವುದಿಲ್ಲ.

ಚನಿಯಣ್ಣನ ಕೈಯಲ್ಲಿ ಟಾರ್ಚ್ ಇದೆ, ಹಚ್ಚುವುದಿಲ್ಲ. ಮೊದಲ ಗೂಡಿನ ಬಾಗಿಲ ಬಳಿ ನಿಂತು ಒಮ್ಮೆ ಕೆಮ್ಮುತ್ತಾರೆ. ಕೆಮ್ಮಿ, ತುಸು ತಡೆದು, ಆಮೇಲೆ ಚಿಲಕ ಸರಿಸುತ್ತಾರೆ.

“ಒಳಗೆ ಯಾರು ಹೇಗೆ ಕೂತಿರ್ತಾರೋ ನಮಗೆ ಗೊತ್ತುಂಟಾ? ಒಂದು ಕೆಮ್ಮಿದ್ರೆ ಅವರಿಗೂ ಮರ್ಯಾದೆ, ನಮಗೂ ಮರ್ಯಾದೆ,” ಎನ್ನುತ್ತಾರೆ, ಪಿಸುದನಿಯಲ್ಲಿ.

ಗುಡ್ಡದ ನೆತ್ತಿಯಿಂದ ಮೊದಲ ಬೆಳಕು ಇಳಿದು ಗೂಡುಗಳ ಕೆಳಗಿನ ತಗಡಿನ ತಟ್ಟೆಗಳನ್ನು ಮುಟ್ಟಿದಾಗ ನೋಡಬೇಕು. ಕೆಂಪು, ಹಸಿರು, ಹಳದಿ, ಕೇಸರಿ – ತಟ್ಟೆಗಳೆಲ್ಲ ಮಿನುಗತೊಡಗುತ್ತವೆ, ಇರುಳು ಯಾರೋ ಇಲ್ಲಿ ಮದುವೆ ಮಾಡಿಕೊಂಡು, ಮುಹೂರ್ತ ಮುಗಿಸಿ, ಬೆಳಗಾಗುವ ಮುಂಚೆ ಎದ್ದುಹೋದ ಹಾಗೆ. ಹತ್ತಿರ ಬಗ್ಗಿದರೆ ಮಾತ್ರ ಗೊತ್ತಾಗುತ್ತದೆ: ಮಿನುಗುತ್ತಿರುವುದು ಮಂಗಗಳ ಲದ್ದಿ.

ಇದರಲ್ಲಿ ಮಾಯೆಯೇನಿಲ್ಲ. ಕೇಕಿನ ಮೇಲೆ ಉದುರಿಸುತ್ತಾರಲ್ಲ, ತಿನ್ನಬಹುದಾದ ಮಿನುಗು ಪುಡಿ, ಅದು. ಸಂಜೆ ಚನಿಯಣ್ಣ ರಾಗಿ ಉಂಡೆ ಕಟ್ಟುವಾಗ ಒಂದೊಂದು ಮಂಗದ ಪಾಲಿಗೆ ಒಂದೊಂದು ಬಣ್ಣ ಬೆರೆಸುತ್ತಾರೆ. ಮಾರನೆಯ ಬೆಳಗ್ಗೆ ತಟ್ಟೆಯಲ್ಲಿ ಬಿದ್ದದ್ದು ಯಾರದ್ದೆಂದು ಬಣ್ಣವೇ ಹೇಳುತ್ತದೆ. ಅದನ್ನು ಮರದ ಕಡ್ಡಿಯಿಂದ ಚೂರೇ ಎತ್ತಿ, ಅದೇ ಬಣ್ಣದ ಮುಚ್ಚಳದ ಸೀಸೆಗೆ ಹಾಕಿ, ಬಿರಡೆ ಬಿಗಿದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪೆಟ್ಟಿಗೆ ಠಾಣೆ ನಗರದ ವಾಗ್ಳೆ ಎಸ್ಟೇಟಿನ ಒಂದು ಪ್ರಯೋಗಾಲಯ ಸೇರಬೇಕು. ಇಷ್ಟೇ ಅವರ ಕೆಲಸ, ಹೇಳುವುದಕ್ಕೆ.

ಈ ಮಂಗಗಳು ಸಿಂಗಳೀಕಗಳು. ಘಟ್ಟದ ಕಾಡುಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ, ಅಲ್ಲಿಯೂ ಕೆಲವೇ ಸಾವಿರ ಉಳಿದಿರುವ ಜೀವಗಳು. ಇಲ್ಲಿರುವವು ಆ ಕಾಡನ್ನು ಕಂಡಿದ್ದೇ ಕಡಿಮೆ. ಸರ್ಕಸ್ಸಿನಿಂದ ಬಂದವು, ಯಾರದೋ ಫಾರ್ಮ್‌ಹೌಸಿನಲ್ಲಿ ಸಿಕ್ಕಿಬಿದ್ದವು, ಕಳ್ಳಸಾಗಣೆಯ ಗೋಣಿಯಿಂದ ಹೊರಬಂದವು. ಉಳಿದವು ಇಲ್ಲೇ ಹುಟ್ಟಿದವು. ಒಟ್ಟು ಇಪ್ಪತ್ತರ ಆಸುಪಾಸು. ಇವುಗಳ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ವಯಸ್ಸಾದಂತೆ ಹೇಗೆ ಬದಲಾಗುತ್ತವೆ ಎಂಬುದನ್ನು ವರ್ಷಗಳಿಂದ ಗಮನಿಸುತ್ತಿರುವವರು ಪ್ರಯೋಗಾಲಯದ ವಿಜ್ಞಾನಿ ಅನಘ. ಅವರಿಗೆ ಬೇಕಾದ ಒಂದೊಂದು ಚೂರೂ ಚನಿಯಣ್ಣನ ಕೈ ದಾಟಿಯೇ ಹೋಗಬೇಕು.

ಕಾರ್ಕಳದ ಕಡೆಯ ಹಳ್ಳಿಯಿಂದ ಚನಿಯಣ್ಣ ಡೊಂಬಿವಲಿಗೆ ಬಂದಾಗ ಮೀಸೆ ಮೂಡಿರಲಿಲ್ಲ. ಸ್ಟೇಷನ್ ಬಳಿಯ ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆಯುವುದರಿಂದ ಹಿಡಿದು ಸಪ್ಲೈಯರ್ ಆಗುವವರೆಗೆ ಅದೇ ಮಾಡಿನ ಕೆಳಗೆ ಬೆಳೆದರು. ಮೊಣಕೈಯಿಂದ ಅಂಗೈವರೆಗೆ ತಟ್ಟೆ ಜೋಡಿಸಿಕೊಂಡು, ಅಡುಗೆಮನೆಯತ್ತ ಆರ್ಡರ್ ಕೂಗುತ್ತ ಅರ್ಧ ಆಯುಷ್ಯ ಕಳೆದರು. ಲಾಕ್‌ಡೌನಿನಲ್ಲಿ ಹೋಟೆಲು ಮುಚ್ಚಿತು. ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ಆಮೇಲೆ ನವಿ ಮುಂಬೈಯ ಎತ್ತರದ ಕಟ್ಟಡವೊಂದರ ಗೇಟಿನಲ್ಲಿ ವಾಚ್‌ಮನ್ ಆಗಿ ಕೂತರು. “ಯಾರೂ ತಿನ್ನದ ಜಾಗ ಅದು. ಲಿಫ್ಟಲ್ಲಿ ಬರ್ತಾರೆ, ಹೋಗ್ತಾರೆ, ಅಷ್ಟೇ. ನಾನು ಒಣಗಿಹೋಗ್ತಿದ್ದೆ ಮಾರಾಯ್ರೆ.”

ಒಂದು ದಿನ ಆ ಗೇಟಿಗೆ ಬಂದವರು ಹೋಟೆಲಿನ ಹಳೆಯ ಗಿರಾಕಿ, ವಿಜಯಪುರದ ಡಾ. ರೇವಣಸಿದ್ದ. ಕೇಂದ್ರದ ಪಶುವೈದ್ಯರು. “ಏನ್ರಿ ಚನಿಯಣ್ಣ, ನೀವು ಇಲ್ಲಿ ಗೇಟ್ ಕಾಯಾಕತ್ತೀರೇನು?” ಎಂದವರು ಅಲ್ಲಿಂದಲೇ ಬದಲಾಪುರಕ್ಕೆ ಫೋನ್ ಹಚ್ಚಿದರು. ಯಾರ ತಟ್ಟೆ ಯಾರಿಗೂ ತಪ್ಪದಂತೆ ಬಡಿಸುವವನು ಅವರಿಗೆ ಬೇಕಾಗಿದ್ದ.

ಈಗ ಚನಿಯಣ್ಣನ ದಿನ ಡೊಂಬಿವಲಿಯಿಂದ ಮೊದಲ ಲೋಕಲ್ಲಿನಲ್ಲಿ ಶುರುವಾಗುತ್ತದೆ. ಜನವೆಲ್ಲ ಮುಂಬೈ ಕಡೆ ನೂಕುವಾಗ ಇವರು ಕಲ್ಯಾಣದ ಕಡೆ, ಖಾಲಿ ಡಬ್ಬಿಯಲ್ಲಿ, ಕಾಲು ಚಾಚಿ. ಲದ್ದಿ ಎತ್ತಿದ ಮೇಲೆ ತಟ್ಟೆ ತೊಳೆಯುವುದು, ತುರ್ಭೆಯ ಸಗಟು ಮಾರುಕಟ್ಟೆಯಿಂದ ಟೆಂಪೊದಲ್ಲಿ ಬಂದ ಹಣ್ಣು ಆರಿಸುವುದು, ಮೊಟ್ಟೆ, ಕಾಳು ಬೇಯಿಸುವುದು. ಆಮೇಲೆ ಪೆಟ್ಟಿಗೆ ಹೊತ್ತು ಠಾಣೆಗೆ, ಸಂಜೆಯ ಉಂಡೆಗೆ ತಿರುಗಿ ಬದಲಾಪುರಕ್ಕೆ. ಠಾಣೆಗೆ ಹೋಗುವ ಹೊತ್ತಿನ ರೈಲಿನಲ್ಲಿ ಉಸಿರಿಗೂ ಜಾಗವಿರುವುದಿಲ್ಲ. ಎದೆಗೆ ಅವುಚಿಕೊಂಡ ಪೆಟ್ಟಿಗೆ ನೋಡಿ ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ:

“ಕಾಕಾ, ಮಾಸೆ ಆಹೇತ ಕಾ?”

“ಮೀನಲ್ಲ ಭಾವು, ಪಾರ್ಸೆಲ್. ಗಿರಾಕಿ ವಾಪಸ್ ಕಳಿಸಿದ್ದು.”

ಮನೆಯಲ್ಲಿ ಈ ತಮಾಷೆ ನಡೆಯುವುದಿಲ್ಲ. ಹೆಂಡತಿ ಪ್ರಫುಲ್ಲಾ ಅವರ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಾರೆ. ಕಾಲೇಜು ಓದುವ ಮಗಳು ರಮಿತಾ, ಅಪ್ಪ ಊಟಕ್ಕೆ ಕೂತು ಅಂದಿನ ತಟ್ಟೆಗಳ ವರದಿ ತೆಗೆದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. “ಪಪ್ಪಾ, ಪ್ಲೀಸ್, ಖಾನೇ ಕೆ ಟೈಮ್ ನಹೀ!” ಅವಳ ಗೆಳತಿಯರಿಗೆ ಗೊತ್ತಿರುವುದು ಅಪ್ಪ ‘ರಿಸರ್ಚ್’ನಲ್ಲಿದ್ದಾರೆ ಎಂದು. ಅದು ಸುಳ್ಳೇನಲ್ಲವಲ್ಲ.

ಮಂಗಗಳಿಗೆ ಕೇಂದ್ರ ಕೊಟ್ಟ ಸಂಖ್ಯೆಗಳಿವೆ. ಚನಿಯಣ್ಣ ಕೊಟ್ಟ ಹೆಸರುಗಳೂ ಇವೆ, ಎಲ್ಲ ಹೋಟೆಲಿನ ಗಿರಾಕಿಗಳವು. ಎಲ್ಲರಿಗಿಂತ ಹಿರಿಯಳು ಶಾಂತಮ್ಮ. ಡೊಂಬಿವಲಿಯಲ್ಲಿ ಶಾಂತಮ್ಮ ಟೀಚರ್ ಎಂಬ ನಿವೃತ್ತ ಶಿಕ್ಷಕಿ ಒಬ್ಬರಿದ್ದರಂತೆ. ದಿನವೂ ಸಂಜೆ ಒಬ್ಬರೇ ಬಂದು ಮೂಲೆಯ ಮೇಜಿನಲ್ಲಿ ಕೂರುವರು. ಊರೆಲ್ಲ ಕಟಿಂಗ್ ಚಾ ಕೇಳುವಾಗ ಅವರು ಕೇಳುತ್ತಿದ್ದುದು ಒನ್ ಬೈ ಟೂ ಕಾಫಿ. ಒಂದು ಲೋಟ ತಮಗೆ, ಇನ್ನೊಂದು ಎದುರಿನ ಖಾಲಿ ಕುರ್ಚಿಯ ಮುಂದೆ. ತಮ್ಮದನ್ನು ಕುಡಿದು, ಎದುರಿನದು ಆರುವವರೆಗೆ ಕಾದು, ಎದ್ದುಹೋಗುವರು.

“ಯಾರಿಗೆ ಅಂತ ನಾನು ಕೇಳ್ಲಿಲ್ಲ. ಕೇಳುವ ಮಾತಾ ಅದು? ಎರಡನೇ ಲೋಟ ಇಡುವಾಗ ಆ ಕಡೆಯ ಮೇಜು ಒರೆಸಿ ಇಡ್ತಿದ್ದೆ, ಅಷ್ಟೇ.”

ಮುದಿ ಸಿಂಗಳೀಕಕ್ಕೂ ಅಂಥದೇ ಅಭ್ಯಾಸ. ಉಂಡೆ ಕೈಗೆ ಬಂದ ಕೂಡಲೇ ಒಂದು ಚಿವುಟು ಮುರಿದು ಪಕ್ಕದ ಕಟ್ಟೆಯ ಮೇಲೆ ಇಡುವುದು, ಆಮೇಲೆ ತಾನು ತಿನ್ನುವುದು. ಇಟ್ಟಿದ್ದನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಹೆಸರು ತಾನಾಗಿ ಬಂತು. ಪಾಲಿಗೆ ಬಂದ ಬಣ್ಣ ನೀಲಿ.

ಇನ್ನು ಹೊಟ್ಟೆಯ ಕಥೆ. ಅದನ್ನು ಅನಘ ಅವರ ಬಾಯಲ್ಲೇ ಕೇಳಬೇಕು. ಮೈಸೂರಿನಿಂದ ಬಂದು ನವಿ ಮುಂಬೈಯಲ್ಲಿ ನೆಲೆಸಿದ ಅವರು ವಿಜ್ಞಾನವನ್ನು ಮನೆಮಾತಿನಲ್ಲಿ ಹೇಳಬಲ್ಲರು. “ಪ್ರತಿ ಹೊಟ್ಟೆ ಒಳಗೂ ಒಂದು ಊರಿದೆ ಅಂದ್ಕೊಳ್ಳಿ. ಕೋಟಿಗಟ್ಟಲೆ ಜನ. ಮಗು ಹುಟ್ಟಿದಾಗ ಹಾಲು ಕುಡಿಯೋ ಜನ ಬಂದು ಸೇರ್ಕೋತಾರೆ. ಹಾಲು ಬಿಟ್ಟ ಮೇಲೆ ಅವರು ಜಾಗ ಖಾಲಿ ಮಾಡ್ತಾರೆ, ಹಣ್ಣು ಸೊಪ್ಪು ಅರಗಿಸೋರು ಬರ್ತಾರೆ. ಪ್ರಾಯದಲ್ಲಿ ಊರು ತುಂಬಿರುತ್ತೆ. ವಯಸ್ಸಾದ ಹಾಗೆ ಒಂದೊಂದೇ ಮನೆಗೆ ಬೀಗ. ಬೀಗ ಬಿದ್ದ ಮನೆಗೆ ಯಾರ್ಯಾರೋ ನುಗ್ಗೋದೂ ಉಂಟು.”

ಬೋನಿನಲ್ಲಿ ಬೆಳೆದ ಮಂಗಗಳ ಹೊಟ್ಟೆಗಳು ಬಹುಪಾಲು ಒಂದೇ ಥರ, ಕಲ್ಯಾಣದಾಚೆ ಹೊಸದಾಗಿ ಎದ್ದ ಟವರುಗಳ ಹಾಗೆ. ಶಾಂತಮ್ಮನದು ಹಾಗಲ್ಲ. ಅವಳು ಕಾಡಿನಲ್ಲಿ ಹುಟ್ಟಿ, ಕಾಡಿನ ಕಾಯಿ ಕಡಿದು, ಆಮೇಲೆ ಸೆರೆಸಿಕ್ಕವಳು. ಅವಳ ಹೊಟ್ಟೆಯೆಂಬ ಹಳೆಯ ವಠಾರದಲ್ಲಿ, ಬೀಗ ಬಿದ್ದ ಬಾಗಿಲುಗಳ ನಡುವೆ, ಬೇರೆ ಯಾವ ಮಂಗದಲ್ಲೂ ಕಾಣದ ಕೆಲವು ಬಾಡಿಗೆದಾರರಿದ್ದರು. ಗಟ್ಟಿ ನಾರು, ಒಗರು ಸಿಪ್ಪೆ ಅರಗಿಸುವ ಕಾಡಿನ ಜನ. ಕಾಡು ಬಿಟ್ಟು ಅಷ್ಟು ವರ್ಷವಾದರೂ ಅವಳೊಳಗೆ ಕಾಡು ದೀಪ ಹಚ್ಚಿಕೊಂಡು ಕೂತಿತ್ತು. ವರ್ಷ ವರ್ಷವೂ ಆ ದೀಪ ಸಣ್ಣದಾಗುತ್ತಿತ್ತು. ಅನಘ ಅದನ್ನು ಪರದೆಯ ಮೇಲೆ ನೋಡುತ್ತಿದ್ದರು.

ಹೋದ ವರ್ಷದ ಮಳೆಗಾಲದಲ್ಲಿ ಚಿನ್ನು ಬಂದಿತು. ಕಲ್ಯಾಣದಲ್ಲಿ ಹಿಡಿದ ಗೋಣಿಯೊಳಗೆ ಸಿಕ್ಕ ಮರಿ. ಬಿಸ್ಕತ್ತು, ಸಕ್ಕರೆ ನೀರು, ಯಾರೋ ಬಾಯಿಗೆ ಹಾಕಿದ ಮಾತ್ರೆಗಳು – ಅದರ ಹೊಟ್ಟೆಯ ಊರನ್ನು ಎಲ್ಲವೂ ಸೇರಿ ಬಹುಪಾಲು ಗುಡಿಸಿಹಾಕಿದ್ದವು. ತಿಂದದ್ದು ನಿಲ್ಲುತ್ತಿರಲಿಲ್ಲ. ಅಂಗೈಯಷ್ಟು ಮುಖದಲ್ಲಿ ಕಣ್ಣೇ ಜಾಸ್ತಿ. ಶಾಂತಮ್ಮನ ಜೊತೆ ಒಂದೇ ಗೂಡಿನಲ್ಲಿ ಬಿಟ್ಟರೆ ಅವಳ ಎಂಜಲು, ಅವಳ ಮೈಯ ಕೂದಲು, ಅವಳು ಮುಟ್ಟಿದ ತುತ್ತು, ಇವುಗಳ ದಾರಿಯಿಂದ ಆ ಕಾಡಿನ ಜನ ಮರಿಯ ಹೊಟ್ಟೆಗೆ ದಾಟಬಹುದೆಂದು ಅನಘ ಮತ್ತು ರೇವಣಸಿದ್ದ ಸೇರಿ ಯೋಚಿಸಿದರು. ಇಬ್ಬರಿದ್ದ ಗೂಡಿನಲ್ಲಿ ಲೆಕ್ಕ ಸುಲಭ: ದಟ್ಟ ನೀಲಿ ಮಿನುಗಿದ್ದು ಶಾಂತಮ್ಮನದು, ಬಣ್ಣವಿಲ್ಲದ್ದು, ಹೆಚ್ಚೆಂದರೆ ಒಂದೆರಡು ಕಣ ಇದ್ದದ್ದು, ಚಿನ್ನುವಿನದು.

ಶಾಂತಮ್ಮ ಮರಿಯನ್ನು ಮೊದಲು ನೋಡಿಯೂ ನೋಡದ ಹಾಗಿದ್ದಳು. ಆಮೇಲೊಂದು ಸಂಜೆ ಮುರಿದ ಚಿವುಟನ್ನು ಕಟ್ಟೆಯ ಮೇಲಿಡದೆ ಮರಿಯ ಮುಂದೆ ಇಟ್ಟಳು. ಚನಿಯಣ್ಣ ಅದನ್ನು ಹೇಳುವಾಗ ಈಗಲೂ ಕೈ ಮುಂದೆ ಮಾಡಿ ತೋರಿಸುತ್ತಾರೆ. ಅಂದಿನಿಂದ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಮರಿ “ಕೂ” ಎನ್ನುವುದು, ಮುದುಕಿ “ಕೂ” ಎಂದು ತಿರುಗಿ ಹೇಳುವುದು.

ಆದರೂ ಚಿನ್ನು ಚಿಗುರಲಿಲ್ಲ. ನಡುವೆ ಒಮ್ಮೆ ಅದರ ಲದ್ದಿ ಪರೀಕ್ಷಿಸಿದಾಗ ಕಾಡಿನ ಜನ ಒಬ್ಬರೂ ಕಾಣಲಿಲ್ಲ. ಮಳೆ ಹಿಂದೆ ಸರಿಯುವ ಹೊತ್ತಿಗೆ, ಒಂದು ಮುಂಜಾನೆ, ಚನಿಯಣ್ಣ ಕೆಮ್ಮಿ ಒಳಗೆ ಹೋದರೆ ಆ ಗೂಡಿನಲ್ಲಿ ಒಂದೇ ಬಿಳಿ ಬಳೆ ಎದ್ದಿತು, ಚಿಕ್ಕದು. ಶಾಂತಮ್ಮ ಮಲಗಿದಲ್ಲೇ ತಣ್ಣಗಾಗಿದ್ದಳು.

“ಒಳಗಿನ ಊರಿನೋರಿಗೆ ಒಡತಿ ಹೋಗಿದ್ದು ತಕ್ಷಣ ಗೊತ್ತಾಗಲ್ಲ. ಸ್ವಲ್ಪ ಕಾಲ ತಮ್ಮ ಪಾಡಿಗೆ ಕೆಲಸ ಮಾಡ್ತಾನೇ ಇರ್ತಾರೆ,” ಎಂದು ಅನಘ ಹೇಳಿದ ಮಾತು ಚನಿಯಣ್ಣನ ತಲೆಯಲ್ಲಿ ಕೂತುಬಿಟ್ಟಿತು. ರೈಲಿನಲ್ಲಿ ನೆನಪಾದರೆ ತಮ್ಮ ಹೊಟ್ಟೆಯ ಮೇಲೆ ತಾವೇ ಕೈ ಇಟ್ಟುಕೊಳ್ಳುತ್ತಾರೆ.

ಅಲ್ಲಿಗೆ ಆ ಪ್ರಯತ್ನ ಮುಗಿಯಿತು. ಚಿನ್ನುವಿನ ಸೀಸೆ ಠಾಣೆಗೆ ಹೋಗುವುದು ನಿಂತಿತು. ಮರಿ ತಿನ್ನುವುದನ್ನೂ ಬಿಟ್ಟಿತು. ಉಳಿದಿದ್ದು ಒಂದೇ ದಾರಿ: ಹೊಟ್ಟೆಯಲ್ಲಿರುವ ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ತೊಳೆದುಹಾಕುವ ಬಲವಾದ ಔಷಧ. “ಇದು ಹಿಂಗ ಬಿಟ್ರ ಕೂಸು ಉಳಿಯಂಗಿಲ್ಲ. ಔಷಧ ಕೊಟ್ರೂ ತಡಕೊಂತದೋ ಇಲ್ಲೋ ಹೇಳಾಕ ಬರಂಗಿಲ್ಲ. ಸ್ವಲ್ಪರ ಮೈ ಹಿಡೀಲಿ, ಆಮ್ಯಾಗ ಶುರು ಮಾಡೂಣು,” ಎಂದು ರೇವಣಸಿದ್ದ ಔಷಧ ತರಿಸಿ ಫ್ರಿಜ್ಜಿನಲ್ಲಿಟ್ಟರು. ಅಲ್ಲಿಯವರೆಗೆ ಉಪ್ಪು ಸಕ್ಕರೆಯ ನೀರು ಮಾತ್ರ.

ಚಿನ್ನು ಒಳಕೋಣೆಯ ಬಾಗಿಲಿಗೆ ಮುಖ ಮಾಡಿ ಕೂತು “ಕೂ” ಎನ್ನುತ್ತಿತ್ತು. ಎಂದು, ಸುಮ್ಮನಾಗುತ್ತಿತ್ತು, ಸರಿಯಾಗಿ ಮತ್ತೊಬ್ಬರು ತಿರುಗಿ ಹೇಳುವಷ್ಟು ಹೊತ್ತು. ಆಮೇಲೆ ಮತ್ತೆ “ಕೂ”. ಆ ನಡುವಿನ ಮೌನವೇ ಚನಿಯಣ್ಣನಿಗೆ ತಡೆಯಲಾಗಲಿಲ್ಲ. “ಕೂಗಿದ್ದು ನನಗೆ ಕೇಳ್ತದೆ. ಉತ್ತರ ನನಗೆ ಕೇಳೂದಿಲ್ಲ. ಅದಕ್ಕೆ ಕೇಳ್ತಿತ್ತೋ ಏನೋ.”

ಮನೆಗೆ ಹೋಗಿ ಪ್ರಫುಲ್ಲಾಗೆ ಹೇಳಿದರು. ಪ್ರಫುಲ್ಲಾ ಎದುರು ಪ್ರಶ್ನೆ ಹಾಕಿದರು: “ಅಗೆಲು ಇಟ್ರಾ?”

ಕರಾವಳಿಯ ಮನೆಗಳಲ್ಲಿ ಹೋದವರಿಗೆ ಊಟ ಬಡಿಸುವುದಕ್ಕೆ ಅಗೆಲು ಎನ್ನುತ್ತಾರೆ. ಕೋಣೆಯೊಳಗೆ ಎಲೆ ಹಾಕಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಮನೆಮಂದಿ ಹೊರಗೆ ನಿಲ್ಲುತ್ತಾರೆ. ಒಳಗಿನವರು ಉಂಡೇಳಲೆಂದು ಕಾಯುತ್ತಾರೆ. ಆಮೇಲೆ ಒಮ್ಮೆ ಕೆಮ್ಮಿ ಬಾಗಿಲು ತೆರೆದು, ಎಲೆಯ ಮೇಲಿನದನ್ನು ಮನೆಯವರೇ ಹಂಚಿಕೊಂಡು ತಿನ್ನುತ್ತಾರೆ.

“ಮಂಗಕ್ಕೆ ಅಗೆಲಾ?” ಎಂದರು ಚನಿಯಣ್ಣ.

“ಇಷ್ಟು ವರ್ಷ ನೀವು ಬಡಿಸಿದ್ದು ಯಾರಿಗೆ? ಹೊಟ್ಟೆ ಉಂಟಲ್ಲ ಅದಕ್ಕೆ, ಸಾಕು,” ಎಂದರು ಪ್ರಫುಲ್ಲಾ. ಮಣ್ಣು ಮೆತ್ತಿ ಕಾದಿಟ್ಟಿದ್ದ ಹಲಸಿನ ಬೀಜ ತೆಗೆದು ಬೇಯಿಸಿ ಡಬ್ಬಿ ಕಟ್ಟಿಕೊಟ್ಟರು.

ಮಾರನೆಯ ಸಂಜೆ ಚನಿಯಣ್ಣ ಶಾಂತಮ್ಮ ಮಲಗುತ್ತಿದ್ದ ಒಳಕೋಣೆಯನ್ನು ತೊಳೆದು ಬಾಳೆಲೆ ಹಾಸಿದರು. ಹಲಸಿನ ಬೀಜ, ಮೊಟ್ಟೆ, ದಾಸವಾಳದ ಮೊಗ್ಗು. ರಾಗಿ ಉಂಡೆ ಕಟ್ಟಿದರು. ಯಾರ ಪಾಲೋ ಅವರ ಬಣ್ಣ ಬೀಳಬೇಕಲ್ಲ? ನೀಲಿ ಉದುರಿಸಿದರು. ಚಿನ್ನುವನ್ನು ಅಂಗಳದ ಕಡೆ ಬಿಟ್ಟು, ನಡುವಿನ ತಗಡಿನ ಬಾಗಿಲನ್ನು ಇಳಿಸಿ, ಹೊರಗೆ ನಿಂತರು. ಉಳಿದ ಗೂಡುಗಳಲ್ಲಿ ಅಷ್ಟೂ ಮಂಗಗಳು ಸದ್ದಡಗಿಸಿ ಕೂತವು. ಚಿನ್ನು ಕೂಡ ಕೂಗಲಿಲ್ಲ.

ಕೆಮ್ಮಿ ಬಾಗಿಲು ಎತ್ತಿದರು. ಎಲೆ ಇಟ್ಟ ಹಾಗೇ ಇತ್ತು. ಉಂಡೆಯ ಒಂದು ಬದಿ ಮಾತ್ರ ಚಿವುಟಿದ ಹಾಗಿತ್ತು. ಆ ಚಿವುಟು ಕಟ್ಟೆಯ ಮೇಲಿತ್ತು.

“ಇಲಿ ಬಂದಿರಬೇಕ್ರಿ,” ಎನ್ನುತ್ತಾರೆ ರೇವಣಸಿದ್ದ.

“ಇರಬಹುದು,” ಎನ್ನುತ್ತಾರೆ ಚನಿಯಣ್ಣ.

ಆಗ ಚಿನ್ನು ಅವರ ಕಾಲ ಸಂದಿಯಿಂದ ನುಸುಳಿ ನೇರ ಎಲೆಯ ಬಳಿ ಹೋಯಿತು. ದಿನಗಟ್ಟಲೆ ಬಾಯಿ ಬಿಡದ ಮರಿ ಮೊದಲು ಒಂದು ಬೀಜ ಎತ್ತಿತು, ಆಮೇಲೆ ಉಂಡೆ. ಎಲೆಯ ಮೇಲಿನದನ್ನು ಮನೆಯವರು ತಿನ್ನಬೇಕಾದದ್ದೇ, ಚನಿಯಣ್ಣ ತಡೆಯಲಿಲ್ಲ.

ಮರುದಿನ ಬೆಳಗ್ಗೆ ಬೆಳಕು ಇಳಿದಾಗ ಆ ಗೂಡಿನ ತಟ್ಟೆಯಲ್ಲಿ ನೀಲಿ ಮಿನುಗುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಮರಿ ತಿಂದದ್ದು ಮರಿಯಿಂದ ಬಂತು ಎಂದುಕೊಂಡು ತೊಳೆದುಬಿಡುತ್ತಿದ್ದರು. ಚನಿಯಣ್ಣ ಆ ತಟ್ಟೆಯ ಮುಂದೆ ಬಹಳ ಹೊತ್ತು ಕೂತರು. ಬಡಿಸಿದ್ದು ಶಾಂತಮ್ಮನಿಗೆ. ಅವಳು ಒಪ್ಪಿಕೊಂಡಿದ್ದಾಳೆ. ಬಂದಿದ್ದೂ ಅವಳದೇ ಬಣ್ಣ. ಠಾಣೆಯಿಂದ ಮೊದಲೇ ಬಂದಿದ್ದ ಸೀಸೆಗಳಲ್ಲಿ ನೀಲಿ ಮುಚ್ಚಳದ್ದು ಒಂದು ಖಾಲಿ ಉಳಿದಿತ್ತು. ಚೂರು ಎತ್ತಿ ಅದಕ್ಕೆ ಹಾಕಿ, ಬಿರಡೆ ಬಿಗಿದು, ಪೆಟ್ಟಿಗೆಯಲ್ಲಿಟ್ಟರು. ಅಂದು ರೈಲಿನಲ್ಲಿ ಪೆಟ್ಟಿಗೆ ಎಂದಿಗಿಂತ ಭಾರವಾಗಿತ್ತಂತೆ.

ವಾಗ್ಳೆ ಎಸ್ಟೇಟಿನಲ್ಲಿ ಸೀಸೆಗಳು ಗುಂಪಾಗಿ ಯಂತ್ರಕ್ಕೆ ಹೋಗುತ್ತವೆ, ಫಲಿತಾಂಶ ಕೆಲ ದಿನಗಳ ಮೇಲೆ ಗುಂಪಾಗಿಯೇ ಬರುತ್ತದೆ. ಪರದೆಯ ಮೇಲೆ ಶಾಂತಮ್ಮನ ಹೆಸರು ಕಂಡಾಗ ಅನಘ ಮೊದಲು ತಾರೀಖು ತಪ್ಪಿರಬೇಕು ಎಂದುಕೊಂಡರು. ಆಮೇಲೆ ಒಳಗಿನ ಊರನ್ನು ನೋಡಿದರು. ಅದು ಮುದುಕಿಯ ಊರಲ್ಲ. ಹಾಲಿನ ಜನ ಇನ್ನೂ ಪೂರಾ ಖಾಲಿ ಮಾಡಿರದ, ಹೊಸ ಬಾಗಿಲುಗಳು ಆಗಷ್ಟೇ ತೆರೆಯುತ್ತಿದ್ದ ಊರು. ಒಂದು ಹಸುಗೂಸಿನ ಹೊಟ್ಟೆ. ಸತ್ತ ಶಾಂತಮ್ಮ ಎಳೆಯಳಾಗಿದ್ದಳು. ಅದರ ಮೂಲೆಯಲ್ಲಿ ಕಾಡಿನ ಜನರ ದೀಪ ಉರಿಯುತ್ತಿತ್ತು, ಅವಳು ಬದುಕಿದ್ದ ಕೊನೆಯ ವರ್ಷದಲ್ಲಿ ಕಂಡದ್ದಕ್ಕಿಂತ ದೊಡ್ಡದಾಗಿ.

ಅನಘ ಸೀಸೆಯ ನೀಲಿ ಮುಚ್ಚಳವನ್ನು ಇನ್ನೊಮ್ಮೆ ನೋಡಿಕೊಂಡರು. ಫೋನ್ ಎತ್ತಿಕೊಂಡರು.

“ಚನಿಯಣ್ಣ, ಶಾಂತಮ್ಮ ತೀರಿಕೊಂಡಿದ್ದು ನಿಜ ತಾನೆ?”

“ನಿಜ. ಯಾಕೆ ಮೇಡಂ, ಅಲ್ಲಿಗೆ ಬಂದಿದ್ದಾರಾ?”

ಮರುದಿನ ಅನಘ ಬದಲಾಪುರದಲ್ಲಿದ್ದರು. ಅಂದೇ ಔಷಧ ಶುರು ಮಾಡುವುದೆಂದು ರೇವಣಸಿದ್ದ ಸಿರಿಂಜು ಜೋಡಿಸಿಟ್ಟಿದ್ದರು. ಚನಿಯಣ್ಣ ಎಲೆ ಇಟ್ಟದ್ದು, ಬಾಗಿಲು ಇಳಿಸಿದ್ದು, ನೀಲಿ ಬಂದದ್ದು ಎಲ್ಲವನ್ನೂ ಹೇಳಿದರು. ಮುಚ್ಚಿಡಬೇಕಾದದ್ದು ಅದರಲ್ಲಿ ಏನಿದೆಯೆಂದು ಅವರಿಗೆ ತೋಚಿರಲೂ ಇಲ್ಲ.

ಡಾಕ್ಟರು ಹಣೆ ಹಿಡಿದುಕೊಂಡರು. “ಸತ್ತ ಮಂಗ್ಯಾನ ಹೆಸರಿನ್ಯಾಗ ಸ್ಯಾಂಪಲ್ ಕಳಿಸೀರಲ್ರೀ! ಅದನ್ನ ತಿಂದದ್ದು ಚಿನ್ನು ಹೌದಲ್ಲೋ?”

“ತಿಂದದ್ದು ಚಿನ್ನು. ಪಾಲು ಶಾಂತಮ್ಮಂದು.”

ಅನಘ ಅಲ್ಲೇ ಮೆಟ್ಟಿಲ ಮೇಲೆ ಕೂತರು. ನಗುತ್ತಿದ್ದರೋ ಅಳುತ್ತಿದ್ದರೋ ಚನಿಯಣ್ಣನಿಗೆ ತಿಳಿಯಲಿಲ್ಲ. “ಹಾಗಾದ್ರೆ ಈ ಊರು ಚಿನ್ನುದು,” ಎಂದರು. “ಡಾಕ್ಟ್ರೇ, ಅವರು ದಾಟಿದ್ದಾರೆ. ನಾವು ನೋಡಿದಾಗ ಇನ್ನೂ ಬೆರಳೆಣಿಕೆಯಷ್ಟಿದ್ರು, ಕಂಡಿರಲಿಲ್ಲ. ಈಗ ನೆಲೆ ಊರಿದ್ದಾರೆ. ಈ ಔಷಧ ಕೊಟ್ರೆ ಎಲ್ಲರನ್ನೂ ಗುಡಿಸಿಬಿಡ್ತೀವಿ. ಮತ್ತೆ ತರೋಕೆ ಶಾಂತಮ್ಮ ಇಲ್ಲ.”

ರೇವಣಸಿದ್ದ ಕೈಯಲ್ಲಿದ್ದ ಸಿರಿಂಜನ್ನೂ ಗೂಡಿನ ಕಡೆಗೂ ನೋಡಿದರು. ಗೂಡಿನಲ್ಲಿ ಚಿನ್ನು ಚನಿಯಣ್ಣ ಕೊಟ್ಟ ಸೀಬೆಯ ಚೂರಿನ ಸಿಪ್ಪೆಯನ್ನು ನಿಧಾನವಾಗಿ ಅಗಿಯುತ್ತಿತ್ತು. ಔಷಧ ಮತ್ತೆ ಫ್ರಿಜ್ಜು ಸೇರಿತು. ನಾಲ್ಕು ದಿನ ನೋಡೋಣ ಎಂದದ್ದು ವಾರವಾಯಿತು, ವಾರ ಎರಡಾಯಿತು. ಮರಿಯ ಲದ್ದಿ ಗಟ್ಟಿಯಾಗತೊಡಗಿತು. ಫ್ರಿಜ್ಜಿನ ಔಷಧ ಅವಧಿ ಮೀರಿ ಕಸಕ್ಕೆ ಹೋಯಿತು.

ಚನಿಯಣ್ಣ ಬೈಸಿಕೊಂಡರು ಎಂಬುದನ್ನೂ ಹೇಳಬೇಕು. ತಪ್ಪು ಹೆಸರಿನ ಒಂದು ಸೀಸೆಯಿಂದ ವರ್ಷಗಳ ಕೆಲಸ ಕೆಡಬಹುದಿತ್ತು ಎಂದು ಅನಘ ಕೂರಿಸಿಕೊಂಡು ತಿಳಿಹೇಳಿದರು. “ಅವರು ಹೇಳಿದ್ದು ಸರಿ. ಗಿರಾಕಿ ಯಾರು ಅಂತ ನೋಡದೆ ಬರೀ ತಟ್ಟೆ ನೋಡಿದ್ರೆ ಅದು ಸಪ್ಲೈ ಅಲ್ಲ,” ಎಂದು ಚನಿಯಣ್ಣ ಒಪ್ಪುತ್ತಾರೆ. ಎಲೆ ಇಡುವುದಕ್ಕೆ ಯಾರೂ ಬೇಡವೆನ್ನಲಿಲ್ಲ. ಎಲೆಗೆ ಬಣ್ಣ ಬೇಡವೆಂದರು, ಅಷ್ಟೇ.

ಈಗ ಚಿನ್ನು ಹಿಂಡಿನ ಜೊತೆಗಿದೆ. ಅದರ ಪಾಲಿಗೆ ಕೇಸರಿ ಬಣ್ಣ ಬಂದಿದೆ. ಜೊತೆಯಲ್ಲಿ ಆಡುವ ಇನ್ನೊಂದು ಮರಿಯ ಹೊಟ್ಟೆಯಲ್ಲೂ ಕಾಡಿನ ಜನ ಕಾಣಿಸಿಕೊಂಡಿದ್ದಾರೆಂದು ಈಚೆಗೆ ಠಾಣೆಯಿಂದ ಸುದ್ದಿ ಬಂತು. ನೀಲಿಯನ್ನು ಯಾರಿಗೂ ಕೊಟ್ಟಿಲ್ಲ. ಆ ಡಬ್ಬಿಯೇ ಅಡುಗೆಕೋಣೆಯಲ್ಲಿಲ್ಲ. ಆದರೂ ಆಗೊಮ್ಮೆ ಈಗೊಮ್ಮೆ, ಬೆಳಕು ಓರೆಯಾಗಿ ಬಿದ್ದಾಗ, ಚಿನ್ನುವಿನ ತಟ್ಟೆಯ ಕೇಸರಿಯ ನಡುವೆ ಒಂದೇ ಒಂದು ನೀಲಿ ಕಣ ಮಿನುಗುತ್ತದೆ. ಮಿನುಗು ಪುಡಿಯ ಹಣೆಬರಹವೇ ಹಾಗೆ, ಗೂಡಿನ ಸಂದಿಗೊಂದಿಯಲ್ಲಿ ಉಳಿದಿರುತ್ತದೆ ಎಂದು ಅನಘ ವಿವರಿಸುತ್ತಾರೆ. ಚನಿಯಣ್ಣ ತಲೆಯಾಡಿಸುತ್ತಾರೆ. ಗೂಡನ್ನು ದಿನವೂ ಪೈಪು ಹಿಡಿದು ತೊಳೆಯುವವರು ಅವರೇ.

“ಹೋಟೆಲಲ್ಲಿ ಅಷ್ಟು ವರ್ಷ ಬಡಿಸಿದೆ. ತಿಂದದ್ದು ಗಿರಾಕಿಗೆ ಒಗ್ಗಿತೋ ಇಲ್ಲವೋ ಯಾವತ್ತೂ ಗೊತ್ತಾಗ್ಲಿಲ್ಲ. ಬಿಲ್ ಕೊಟ್ರು, ಹೋದ್ರು. ಇಲ್ಲಿ ಹಾಗಲ್ಲ, ಮಾರನೇ ದಿನವೇ ಉತ್ತರ ಬರ್ತದೆ,” ಎನ್ನುವಾಗ ಅವರ ದನಿ ಒಂದಿಷ್ಟು ನೆಟ್ಟಗಾಗುತ್ತದೆ.

ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಗೂಡಿನ ಬೋರ್ಡಿನ ಕಡೆ ಗದ್ದ ಎತ್ತಿ ತೋರಿಸುತ್ತಾರೆ. ಚಿನ್ನುವಿನ ಸಂಖ್ಯೆಯ ಕೆಳಗೆ, ತಾಯಿ ಎಂದಿರುವ ಕಡೆ, ‘ತಿಳಿದಿಲ್ಲ’ ಎಂದು ಬರೆದಿದೆ. “ನಮ್ಮ ತುಳುನಾಡಲ್ಲಿ ಮಗು ಸೇರೂದು ತಾಯಿಯ ಬರಿಗೆ, ಅಂದ್ರೆ ತಾಯಿಯ ಬಳ್ಳಿಗೆ. ಹೊಟ್ಟೆಯೊಳಗಿನದ್ದು ಯಾರಿಂದ ಬಂತೋ ಅವರದ್ದೇ ಬರಿ ಅಲ್ವಾ? ಆ ‘ತಿಳಿದಿಲ್ಲ’ ಅನ್ನೂದನ್ನು ಒರೆಸಿ ಶಾಂತಮ್ಮ ಅಂತ ಬರೆದ್ರೆ ಸಾಕು. ಡಾಕ್ಟ್ರು ರೂಲ್ ಇಲ್ಲ ಅಂತಾರೆ. ಇರ್ಲಿ. ನನಗೇನು ಅವಸರ ಇಲ್ಲ.”

ಗುಡ್ಡದ ಮೇಲೆ ಬಿಸಿಲು ಏರುತ್ತಿದೆ. ಬಿಳಿ ಬಳೆಗಳಿಗೆ ಈಗ ಕಪ್ಪು ಮೈ ಬಂದಿದೆ, ಕೈಕಾಲು ಬಂದಿವೆ. ಬೆಳಗಿನ ಹಣ್ಣು ಹಂಚುತ್ತ ಚನಿಯಣ್ಣ ಚಿನ್ನುವಿನ ಕೈಗೆ ಬಾಳೆಹಣ್ಣಿನ ತುಂಡು ಇಡುತ್ತಾರೆ. ಚಿನ್ನು ಒಂದು ಚಿವುಟು ಮುರಿದು, ಪಕ್ಕದ ಕಟ್ಟೆಯ ಮೇಲೆ ಇಟ್ಟು, ಖಾಲಿ ಜಾಗದತ್ತ ಒಮ್ಮೆ ನೋಡಿ, ಆಮೇಲೆ ತಿನ್ನತೊಡಗುತ್ತದೆ. ಚನಿಯಣ್ಣ ಬಟ್ಟೆ ತೆಗೆದು ಕಟ್ಟೆಯ ಆ ಬದಿಯನ್ನು ಒರೆಸುತ್ತಾರೆ. ಹಿಂದೆ ಅಡುಗೆಮನೆಯತ್ತ ಕೂಗುತ್ತಿದ್ದ ಅದೇ ರಾಗದಲ್ಲಿ, ಆದರೆ ಬಲು ಮೆಲ್ಲಗೆ, ಯಾರಿಗೋ ಹೇಳುತ್ತಾರೆ:

“ಮೂಲೆ ಟೇಬಲ್‌ಗೆ, ಒನ್ ಬೈ ಟೂ.”